ಕೊಡುವವರು ಸಿಕ್ಕರು, ಕೇಳುವವರು ಸಿಗಲಿಲ್ಲ: ನಮ್ಮ ಸಭೆಯ ಮನೆಗುಂಪುಗಳ ಅನುಭವ

ಚರ್ಚ್ ಸಭೆಯಲ್ಲಿ ಸೇವೆ ಮಾಡಲು ಜನ ಸಿಗುವುದಿಲ್ಲ ಅನ್ನುವ ದೂರು ಎಲ್ಲ ಕಡೆ ಕೇಳುತ್ತೇವೆ. ನಮ್ಮಲ್ಲಿ ಮಾಡುವವರು ಬೇಕಾದಷ್ಟು ಇದ್ದರು. ಮಾಡಿಸಿಕೊಳ್ಳುವವರೇ ಇರಲಿಲ್ಲ. ಇದು ತಲೆಗೆ ಹೋಗಲು ನಾಲ್ಕೈದು ವರ್ಷ ಹಿಡಿಯಿತು. ಈಗ ಆರೇಳು ಮನೆಗುಂಪುಗಳು, ಅಂದರೆ ಒಬ್ಬರಿಗೊಬ್ಬರು ನೆರವಾಗುವ ನಾಲ್ಕೈದು ಮನೆಗಳ ಗುಂಪುಗಳು, ಗಟ್ಟಿಯಾಗಿ ನಿಂತಿವೆ. "ಇದೆಲ್ಲ ಆಗದ ಮಾತು" ಅಂದಿದ್ದ ಹಿರಿಯರೊಬ್ಬರು ತಾವೇ ಒಂದು ಗುಂಪು ನಡೆಸುತ್ತಿದ್ದಾರೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ಎಲ್ಲರೂ ಮಾಡುವ ಹಾಗೆ ಹೆಸರಿನ ಪಟ್ಟಿ ಮಾಡಿದೆವು. ಆಸ್ಪತ್ರೆಗೆ ಜೊತೆ ಹೋಗಲು ಯಾರು, ಮಕ್ಕಳನ್ನು ನೋಡಿಕೊಳ್ಳಲು ಯಾರು, ಮನೆ ಬದಲಾಯಿಸುವಾಗ ಸಾಮಾನು ಎತ್ತಲು ಯಾರು ಅಂತ. ನಲವತ್ತರ ಹತ್ತಿರ ಹೆಸರು ಬಂದವು. ಸಹಾಯ ಕೇಳಿ ಬಂದವರು ಎರಡೋ ಮೂರೋ ಜನ. ಆಮೇಲೆ ಫೋನಿನಲ್ಲಿ ಗುಂಪು ಮಾಡಿದೆವು. ಪ್ರಾರ್ಥನೆಯ ವಿಷಯ ಬಂದ ಕೂಡಲೇ ಕೈ ಮುಗಿದ ಚಿತ್ರಗಳು ಸಾಲಾಗಿ ಬೀಳುತ್ತಿದ್ದವು. ಬಾಗಿಲು ತಟ್ಟುವವರು ಮಾತ್ರ ಯಾರೂ ಇಲ್ಲ. ಊಟ ಬಟ್ಟೆ ಇಲ್ಲದವರನ್ನು ಬರೀ ಒಳ್ಳೆಯ ಮಾತು ಹೇಳಿ ಕಳಿಸುವವರ ಬಗ್ಗೆ ಬೈಬಲಿನಲ್ಲಿ ಯಾಕೋಬನು ತನ್ನ ಪತ್ರದ 2ನೇ ಅಧ್ಯಾಯದಲ್ಲಿ ಬರೆದಿದ್ದಾನಲ್ಲ, ಥೇಟ್ ಹಾಗೇ.

ದುಡ್ಡಿನಲ್ಲಿ ಬಿದ್ದ ಪೆಟ್ಟು ಇನ್ನೂ ಜಾಸ್ತಿ. ಬಡ್ಡಿ ಇಲ್ಲದ ಸಾಲಕ್ಕೆಂದು ಒಂದು ನಿಧಿ ಮಾಡಿದೆವು. ತಿಂಗಳ ಕಾಣಿಕೆಯಲ್ಲಿ ಸುಮಾರು ಹತ್ತನೇ ಒಂದು ಪಾಲು ಅದಕ್ಕೆ ಹೋಗುತ್ತಿತ್ತು. ಕೊಟ್ಟದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ವಾಪಸ್ ಬರಲಿಲ್ಲ. ದುಡ್ಡು ಹೋದರೆ ಹೋಗಲಿ, ಸಾಲ ಪಡೆದವರು ಆರಾಧನೆಗೆ ಬರುವುದನ್ನೇ ಬಿಟ್ಟರು. ಬಾಕಿ ಉಳಿಸಿಕೊಂಡು, ಲೆಕ್ಕ ಬರೆಯುವವರ ಪಕ್ಕ ಕೂತು ಹಾಡಲು ಯಾರಿಗೆ ಮನಸ್ಸು ಬರುತ್ತದೆ? ಹೀಗೆ ಮೂರ್ನಾಲ್ಕು ಕುಟುಂಬಗಳು ದೂರವಾದವು. ಎಲ್ಲರನ್ನೂ ಮರಳಿ ಕರೆತರಲು ಆಗಿಲ್ಲ, ಆ ನೋವು ಈಗಲೂ ಇದೆ. ಅಲ್ಲಿಗೆ ಸಾಲ ನಿಂತಿತು. ಈಗ ಕೊಟ್ಟರೆ ಕೊಟ್ಟದ್ದೇ.

ದಾರಿ ಸಿಕ್ಕಿದ್ದು ಒಂದು ಹಳೆಯ ಏರ್ಪಾಟಿನಿಂದ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮೆಥೋಡಿಸ್ಟರು ಅನ್ನುವ ಕ್ರೈಸ್ತ ಪಂಗಡದವರಿಗೆ ಕಟ್ಟಡದ ಸಾಲ ತೀರಿಸಬೇಕಿತ್ತು. ಹನ್ನೆರಡು ಜನರಿಗೆ ಒಂದು ಗುಂಪು, ಒಬ್ಬೊಬ್ಬರಿಂದ ವಾರಕ್ಕೆ ಒಂದು ಪೆನ್ನಿ, ಅಂದರೆ ಅಲ್ಲಿಯ ಚಿಲ್ಲರೆ ಕಾಸು. ಗುಂಪಿನ ಮುಖಂಡ ಮನೆಮನೆಗೆ ಹೋಗಿ ಎತ್ತಬೇಕು, ಕಡಿಮೆ ಬಿದ್ದರೆ ತಾನೇ ತುಂಬಬೇಕು. ಪೆನ್ನಿಗೆಂದು ಒಳಗೆ ಹೋದವರ ಕಣ್ಣಿಗೆ ಆ ಮನೆಯ ಸ್ಥಿತಿ ಬಿತ್ತು. ಮೆಥೋಡಿಸ್ಟರ ನಾಯಕ ಜಾನ್ ವೆಸ್ಲಿ ಅದನ್ನೇ ಹಿಡಿದು ಜನರ ಆರೈಕೆಯ ಏರ್ಪಾಟು ಮಾಡಿಕೊಂಡರು. ನಾವು ಪೆನ್ನಿ ಬಿಟ್ಟೆವು, ಮನೆಗೆ ಹೋಗುವುದನ್ನು ಇಟ್ಟುಕೊಂಡೆವು.

ನಮ್ಮದು ನಾಲ್ಕೈದು ಮನೆಗಳ ಗುಂಪು. ವಾರಕ್ಕೊಂದು ಮನೆಯ ಸರದಿ. ಸರದಿ ಬಂದ ಮನೆಯವರು ಏನಾದರೂ ಒಂದು ಸಹಾಯ ಕೇಳಲೇಬೇಕು. "ನಮಗೇನೂ ಬೇಡ, ದೇವರ ದಯೆ" ಅಂದು ಜಾರಿಕೊಳ್ಳುವಂತಿಲ್ಲ. ಬಲವಂತವಾಗಿ ಕೇಳಿಸುವುದು ಏನು ಪ್ರೀತಿ ಅಂತ ತುಂಬಾ ಜನ ತಕರಾರು ತೆಗೆದರು. ನಾನು ಯೋಹಾನ 13 ತೋರಿಸಿದೆ. ಯೇಸು ಶಿಷ್ಯರ ಕಾಲು ತೊಳೆಯುವಾಗ ಪೇತ್ರ ತೊಳೆಸಿಕೊಳ್ಳಲು ಒಪ್ಪಲಿಲ್ಲ. ತೊಳೆಸಿಕೊಳ್ಳದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲ ಅಂದರು ಯೇಸು. ಅದರ ಮುಂದೆ ಯಾರ ತಕರಾರೂ ನಿಲ್ಲಲಿಲ್ಲ.

ಮೊದಮೊದಲು ಕೇಳಿದ್ದೆಲ್ಲ ಚಿಲ್ಲರೆ ಕೆಲಸ. ಬಲ್ಬ್ ಹಾಕಿಕೊಡಿ, ಈ ಅರ್ಜಿ ತುಂಬಿಕೊಡಿ. ನಾನು ಬಿಡಲಿಲ್ಲ. ಐದಾರು ತಿಂಗಳಾದ ಮೇಲೆ ಒಬ್ಬ ಅಣ್ಣ, ಎಲ್ಲರಿಗೂ ಕೈ ತುಂಬಾ ಕೊಡುವವರು, ತಲೆ ತಗ್ಗಿಸಿ ಹೇಳಿದರು: "ಅಪ್ಪನ ಹತ್ತಿರ ರಾತ್ರಿ ಯಾರಾದರೂ ಇರ್ತೀರಾ? ನಾನು ಸ್ವಲ್ಪ ನಿದ್ದೆ ಮಾಡಬೇಕು." ಅವರ ತಂದೆ ಹಾಸಿಗೆ ಹಿಡಿದಿದ್ದರು. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಿತ್ತು. ಸಭೆಯಲ್ಲೇ ಇದ್ದ ನರ್ಸ್ ಅಕ್ಕ ನಮಗೆ ಕಲಿಸಿದರು. ಹೆಗಲಿನಿಂದ ತೊಡೆಯವರೆಗೆ ಮಡಿಸಿದ ಬೆಡ್‌ಶೀಟ್ ಕೆಳಗೆ ಹಾಸಿ, ಇಬ್ಬರು ಎರಡೂ ಬದಿ ಹಿಡಿದು ಒಟ್ಟಿಗೆ ಎತ್ತಿ ಸರಿಸಬೇಕು. ಚರ್ಮ ಉಜ್ಜಬಾರದು. ಮೊಣಕಾಲುಗಳ ನಡುವೆ ದಿಂಬು. ಮೂರು ಮನೆಯವರು ಸರದಿ ಹಾಕಿಕೊಂಡರು. ಅದಾದ ಮೇಲೆ ಆ ಗುಂಪಿನಲ್ಲಿ ಯಾರೂ ಯಾರನ್ನೂ ಸುಮ್ನೆ ಬಾಯಿಮಾತಿಗೆ "ಬ್ರದರ್" ಅನ್ನಲಿಲ್ಲ.

ಯಾವಾಗಲೂ ಪಡೆಯುವವರದ್ದು ಇನ್ನೊಂದು ಕಥೆ. ನಮ್ಮ ಒಬ್ಬ ವಿಧವೆ ತಾಯಿಗೆ ವರ್ಷಗಟ್ಟಲೆ ಸಹಾಯ ಹೋಗುತ್ತಿತ್ತು, ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಹೆತ್ತು ಹದಿನೈದು ದಿನವಾದ ಹುಡುಗಿಯೊಬ್ಬಳು ತನ್ನ ಸರದಿಯಲ್ಲಿ ಅವರನ್ನೇ ಕೇಳಿದಳು, ಮಗುವಿಗೆ ಸ್ನಾನ ಮಾಡಿಸಲು. ಈಗ ಆ ತಾಯಿಗೆ ಪುರುಸೊತ್ತೇ ಇಲ್ಲ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಏಣಿ, ಡ್ರಿಲ್, ವೀಲ್‌ಚೇರ್ ಇಡುವ ಒಂದು ಬೀರು ಮಾಡಿದೆವು. ವೀಲ್‌ಚೇರ್ ಒಂದು ದಿನವೂ ಖಾಲಿ ಇಲ್ಲ, ಡ್ರಿಲ್ ಯಾರ ಮನೆಯಲ್ಲಿದೆಯೋ ಗೊತ್ತಿಲ್ಲ. ಹದಿಹರೆಯದವರನ್ನು ವಯಸ್ಸಾದವರ ಜೊತೆ ಜೋಡಿ ಮಾಡಿದ್ದು ಅರ್ಧಂಬರ್ಧ ನಡೆಯಿತು.

ದುಡ್ಡಿನ ಲೆಕ್ಕ ಈಗ ಹೀಗಿದೆ. ಎಣಿಸುವವರು ಯಾವಾಗಲೂ ಇಬ್ಬರು, ಒಂದೇ ಮನೆಯವರಲ್ಲ. ಯೆರೂಸಲೇಮಿಗೆ ಸಹಾಯಧನ ಕಳಿಸುವಾಗ ಪೌಲನೂ ಜೊತೆಗೆ ಜನ ಇಟ್ಟುಕೊಂಡ, ಯಾರೂ ತಪ್ಪು ಹೇಳಬಾರದು ಅಂತ. ಬೈಬಲಿನ 2 ಕೊರಿಂಥ 8ರಲ್ಲಿದೆ. ಮೊತ್ತ ಎಲ್ಲರಿಗೂ ಓದಿ ಹೇಳುತ್ತೇವೆ, ಪಡೆದವರ ಹೆಸರು ಹೇಳುವುದಿಲ್ಲ. ಸ್ವಂತ ಮಕ್ಕಳು ನೋಡಿಕೊಳ್ಳಬಲ್ಲ ಮನೆಗಳಲ್ಲಿ ಮೊದಲು ಮಕ್ಕಳ ಜೊತೆ ಮಾತಾಡುತ್ತೇವೆ, 1 ತಿಮೊಥೆಯ 5 ಹೇಳುವಂತೆ. ಮನೆಗುಂಪು ಬಂದ ಮೇಲೆ ನಿಧಿಯಿಂದ ಹೋಗುವ ಹಣ ಮೂರನೇ ಒಂದು ಪಾಲಿಗೆ ಇಳಿದಿದೆ. ಕೈಯಿಂದ ಆಗುವ ಕೆಲಸಕ್ಕೆ ದುಡ್ಡು ಬೇಕಾಗುವುದಿಲ್ಲ, ಅಲ್ವಾ.

ಯಾವ ಮನೆಯನ್ನು ಯಾವ ಮನೆಯ ಜೊತೆ ಸೇರಿಸಬೇಕು ಅನ್ನುವುದಕ್ಕೆ ನನ್ನದೊಂದು ಉಪಾಯ ಇದೆ. ಅದನ್ನು ಬರೆಯುವುದಿಲ್ಲ. ಬರೆದರೆ ನಮ್ಮ ಸಭೆಯವರಿಗೆ ತಾವು ಯಾಕೆ ಎಲ್ಲಿದ್ದೇವೆ ಅಂತ ಗೊತ್ತಾಗಿಬಿಡುತ್ತದೆ. ಇಷ್ಟು ಹೇಳಬಹುದು: ಸ್ನೇಹಿತರನ್ನು ಒಟ್ಟಿಗೆ ಹಾಕಬೇಡಿ. ಆರನೇ ಮನೆ ಸೇರಿದರೆ ಗುಂಪು ಒಡೆಯಿರಿ. ಸರದಿ ಬರುವುದು ತಡವಾದಷ್ಟೂ ಕೇಳುವ ಅಭ್ಯಾಸ ತಪ್ಪುತ್ತದೆ, ಮತ್ತೆ ಶುರುವಿನಿಂದ ಕಲಿಸಬೇಕಾಗುತ್ತದೆ.