ನಾಮಫಲಕದ ಮೇಲೆ ಕಂಪನಿಯ ಲೋಗೊ: ನನ್ನ ಅನುಭವ

ದಾವಣಗೆರೆಯಲ್ಲಿ ನಾಮಫಲಕಗಳ ವಿನ್ಯಾಸ ಮಾಡುವ ನನಗೆ, ಕಂಪನಿಯೊಂದರ ಲೋಗೊ ಬಳಸುವುದೆಂದರೆ ಬಹುಕಾಲ ಅಂತರಜಾಲದಿಂದ ಚಿತ್ರ ಇಳಿಸಿಕೊಂಡು, ಹಿನ್ನೆಲೆ ಅಳಿಸಿ, ಫ್ಲೆಕ್ಸ್‌ಗೆ ಏರಿಸುವುದಷ್ಟೇ ಆಗಿತ್ತು. ಆ ಅಭ್ಯಾಸ ತಪ್ಪಿದ್ದು 2024ರಲ್ಲಿ, ಫಲಕದ ಶೇ. 60 ಭಾಗ ಕನ್ನಡದಲ್ಲಿರಬೇಕೆಂಬ ತಿದ್ದುಪಡಿ ಬಂದು, ಅಂಗಡಿಯವರೆಲ್ಲ ಹೊಸ ಫಲಕಕ್ಕಾಗಿ ಒಟ್ಟಿಗೇ ಬಾಗಿಲಿಗೆ ಬಂದಾಗ.

ಗೃಹೋಪಯೋಗಿ ಯಂತ್ರಗಳ ಡೀಲರ್ ಒಬ್ಬರು ತಮ್ಮ ಕಂಪನಿಯ ಹೆಸರನ್ನು ಕನ್ನಡದಲ್ಲಿ ಬರೆಸಬೇಕೆಂದರು. ಇಂಗ್ಲಿಷ್ ಲೋಗೊದ ದುಂಡು ಮೂಲೆ, ಓರೆ, ಗೀಟಿನ ದಪ್ಪ ಎಲ್ಲವನ್ನೂ ಗಮನಿಸಿ, ಅದೇ ಚಹರೆಯ ಕನ್ನಡ ಅಕ್ಷರಗಳನ್ನು ಎರಡು ರಾತ್ರಿ ಕೂತು ರಚಿಸಿದೆ. ಕೆಲಸ ಚೆನ್ನಾಗಿಯೇ ಬಂದಿತ್ತೆಂದು ಈಗಲೂ ಅನಿಸುತ್ತದೆ. ಫಲಕ ಏರಿದ ಹದಿನೈದು ದಿನಕ್ಕೆ, ಅನುಕರಣೆಯ ಅಕ್ಷರಗಳನ್ನು ಇಳಿಸಿ ತಾವು ಅನುಮೋದಿಸಿದ ಕನ್ನಡ ರೂಪವನ್ನೇ ಹಾಕಬೇಕೆಂದು ಕಂಪನಿಯಿಂದ ಪತ್ರ ಬಂತು. ಅಂಥದೊಂದು ರೂಪ ಇದೆಯೇ ಎಂದು ಕೇಳುವ ಬುದ್ಧಿ ಡೀಲರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಈಗ ಡೀಲರ್ ಎಂದು ದೃಢೀಕರಿಸುವ ಪತ್ರ ಮತ್ತು ಕಂಪನಿಯೇ ಕೊಟ್ಟ ವೆಕ್ಟರ್ ಫೈಲ್ (ಎಷ್ಟು ದೊಡ್ಡದು ಮಾಡಿದರೂ ಅಂಚು ಕೆಡದ ಲೋಗೊ ಚಿತ್ರ) ಕೈಗೆ ಬರುವವರೆಗೆ ನಾನು ಮುಂಗಡ ತೆಗೆದುಕೊಳ್ಳುವುದಿಲ್ಲ.

ಆ ಕಂಪನಿಯ ಫೈಲಿನ ಜೊತೆಗೆ ಬಂದ, ಲೋಗೊ ಬಳಕೆಯ ಕೈಪಿಡಿಯಲ್ಲಿ, ಲೋಗೊದ ಸುತ್ತ ಅದರ ಮೊದಲ ಅಕ್ಷರದ ಅರ್ಧ ಎತ್ತರದಷ್ಟು ಜಾಗ ಖಾಲಿ ಇರಬೇಕೆಂದಿತ್ತು. ಇಂಗ್ಲಿಷ್ ಸಾಲುಗಳಿಗೆ ಈ ಲೆಕ್ಕ ಸಲೀಸು. ಕನ್ನಡದಲ್ಲಿ ಲೋಗೊದ ಮೇಲುಗಡೆ ‘ಎಲೆಕ್ಟ್ರಾನಿಕ್ಸ್’ ಎಂದು ಬರೆದರೆ ‘ಕ್ಟ್ರಾ’ದ ಒತ್ತಕ್ಷರಗಳು ನೇರವಾಗಿ ಆ ಖಾಲಿ ಜಾಗದೊಳಗೆ ಕಾಲಿಡುತ್ತವೆ. ಹಾಗಾಗಿ ನಾನು ಅಕ್ಷರದ ತಳದಿಂದಲ್ಲ, ಅತಿ ಕೆಳಗಿನ ಒತ್ತಿನ ತುದಿಯಿಂದ ಅಳೆಯುತ್ತೇನೆ. ಕೈಪಿಡಿ ಬರೆದವರು ಒತ್ತಕ್ಷರವನ್ನು ಕಂಡವರಲ್ಲ. ಬಣ್ಣ ಬದಲಿಸುವುದು, ಹಿಗ್ಗಿಸುವುದು, ನೆರಳು ಕೊಡುವುದು ಕೂಡದು ಎಂಬ ಉಳಿದ ನಿಯಮಗಳಲ್ಲಿ ವಿವರಿಸುವಂಥದ್ದೇನಿಲ್ಲ.

ಮಸಾಲೆ ಪುಡಿ ಮಾರುವವರೊಬ್ಬರು ತಮ್ಮ ಹೆಸರಿನ ಪಕ್ಕ ವೃತ್ತದೊಳಗಿನ ‘ಆರ್’ ಗುರುತು ಹಾಕಿಕೊಡಿ ಎಂದರು. ಅದು ನೋಂದಾಯಿತ ಟ್ರೇಡ್ ಮಾರ್ಕ್‌ನ ಗುರುತು; ಅವರು ನೋಂದಣಿಗೆ ಅರ್ಜಿಯನ್ನಷ್ಟೇ ಸಲ್ಲಿಸಿದ್ದರು. ನೋಂದಣಿಯಾಗದ ಗುರುತನ್ನು ನೋಂದಾಯಿತವೆಂದು ತೋರಿಸುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 107ನೇ ಕಲಮಿನಡಿ ತಪ್ಪಾಗುತ್ತದೆ. ನೋಂದಣಿಯಾಗದಿದ್ದರೂ ಹಾಕಬಹುದಾದ ‘ಟಿಎಂ’ (ಟ್ರೇಡ್ ಮಾರ್ಕ್) ಎಂದಷ್ಟೇ ಹಾಕಿಕೊಟ್ಟೆ.

ಹೆಚ್ಚು ವಾದ ಮಾಡಬೇಕಾದದ್ದು ಮೊಬೈಲ್ ರಿಪೇರಿ ಅಂಗಡಿಯವರೊಂದಿಗೆ. ಐದು ಕಂಪನಿಗಳ ಲೋಗೊಗಳನ್ನು ಸಾಲಾಗಿ ಹಾಕಿಸಿಕೊಳ್ಳಲು ಅವರು ಬಂದಿದ್ದರು. ಅಧಿಕೃತ ಸೇವಾಕೇಂದ್ರದ ಒಪ್ಪಂದ ಒಂದರದ್ದೂ ಇರಲಿಲ್ಲ. ಇಂಥ ಫೋನಿಗೆ ಹೊಂದುವ ಬ್ಯಾಟರಿ ನಮ್ಮಲ್ಲಿದೆ ಎಂದು ತಿಳಿಸಲು ಅಗತ್ಯವಿರುವಷ್ಟು ಮಟ್ಟಿಗೆ, ಕಂಪನಿಯೊಂದಿಗೆ ಇಲ್ಲದ ನಂಟನ್ನು ಸೂಚಿಸದೆ, ಅದರ ಹೆಸರು ಬಳಸಲು ಅದೇ ಕಾಯ್ದೆಯ 30ನೇ ಕಲಮು ಅವಕಾಶ ಕೊಡುತ್ತದೆ. ಆದರೆ ಬ್ಯಾಟರಿ ಹೊಂದುತ್ತದೆ ಎನ್ನಲು ಹೆಸರು ಸಾಕು, ಲೋಗೊ ಬೇಕಿಲ್ಲ. ಲೋಗೊ ಕಂಡ ಗಿರಾಕಿ ಅದನ್ನು ಕಂಪನಿಯದೇ ಅಂಗಡಿ ಎಂದುಕೊಳ್ಳುತ್ತಾನೆ. ಐದೂ ಹೆಸರುಗಳನ್ನು ಸಾದಾ ಕನ್ನಡ ಅಕ್ಷರಗಳಲ್ಲಿ, ಒಂದೇ ಅಳತೆಯಲ್ಲಿ, ಒಂದೇ ಬಣ್ಣದಲ್ಲಿ ಬರೆದು, ‘ಬಿಡಿಭಾಗ ಮತ್ತು ರಿಪೇರಿ’ ಎಂದು ಸೇರಿಸಿದೆ. ಫಲಕ ಬೋಳಾಗಿ ಕಾಣುತ್ತಿದೆಯೆಂದು ಅವರು ಗೊಣಗಿದಾಗ, ಲೋಗೊಗಳಿಗೆಂದು ಬಿಟ್ಟಿದ್ದ ಜಾಗದಲ್ಲಿ ಅವರ ಅಂಗಡಿಯ ಹೆಸರನ್ನೇ ದೊಡ್ಡದು ಮಾಡಿದೆ.