ಚಕ್ಕುಲಿ ಕಮಟಾಗುವ ದಿನ: ಇನ್‌ಫ್ರಾರೆಡ್‌ನಲ್ಲಿ ಬಾಳಿಕೆ ಲೆಕ್ಕ ಹಾಕಿದ ಬಗೆ
ಪ್ಯಾಕೆಟ್ ಚಕ್ಕುಲಿ ಕೆಡುವುದು ಎರಡು ರೀತಿ: ತೇವ ಹಿಡಿದು ಮೆತ್ತಗಾಗುತ್ತದೆ, ಇಲ್ಲವೇ ಎಣ್ಣೆ ಕಮಟಾಗುತ್ತದೆ. ಎಫ್‌ಟಿಐಆರ್‌ನಲ್ಲಿ, ಅಂದರೆ ಎಣ್ಣೆ ಯಾವ ಇನ್‌ಫ್ರಾರೆಡ್ ಬೆಳಕನ್ನು ಎಷ್ಟು ಹೀರುತ್ತದೆ ಎಂದು ನೋಡುವ ಉಪಕರಣದಲ್ಲಿ, ನಾನು ಅಳೆದದ್ದು ಎರಡನೆಯದನ್ನು. ತೇವಾಂಶದ ಲೆಕ್ಕ ಬೇರೆಯೇ ಇಟ್ಟೆ. ಯಾವುದು ಮೊದಲು ಮಿತಿ ದಾಟುತ್ತದೋ ಅಲ್ಲಿಗೆ ಬಾಳಿಕೆ ಮುಗಿಯಿತು.

ಶೇಂಗಾ ಎಣ್ಣೆಯಲ್ಲಿ ಕರಿದ ನಾಲ್ಕು ಬ್ಯಾಚುಗಳನ್ನು, ಮಾರಾಟಕ್ಕೆ ಹೋಗುವ ಪೌಚಿನಲ್ಲೇ, 35, 45 ಮತ್ತು 55 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕತ್ತಲಲ್ಲಿಟ್ಟೆ. ಇದಕ್ಕಿಂತ ಹೆಚ್ಚು ಬಿಸಿ ಕೊಟ್ಟರೆ, ಎಣ್ಣೆ ಆಮ್ಲಜನಕದೊಂದಿಗೆ ಸೇರಿದಾಗ ಮೊದಲು ಹುಟ್ಟುವ ಹೈಡ್ರೊಪೆರಾಕ್ಸೈಡ್ ಬೇಗ ಒಡೆಯುತ್ತದೆ. ಅಂಗಡಿ ಕಪಾಟಿನಲ್ಲಿ ನಡೆಯುವುದಕ್ಕೂ ಅದಕ್ಕೂ ಹೋಲಿಕೆ ಉಳಿಯುವುದಿಲ್ಲ.

ವಾರಕ್ಕೊಮ್ಮೆ 40 ಗ್ರಾಂ ಚಕ್ಕುಲಿ ಪುಡಿಯನ್ನು 150 ಮಿ.ಲೀ. ಹೆಕ್ಸೇನ್‌ನಲ್ಲಿ ಅರ್ಧ ಗಂಟೆ ಅಲುಗಾಡಿಸಿ, ಸೋಸಿ, ಜಲರಹಿತ ಸೋಡಿಯಂ ಸಲ್ಫೇಟ್ ಮೇಲೆ ಹಾಯಿಸಿ, ಹೆಕ್ಸೇನ್ ಆರಿ ಎಣ್ಣೆಯ ತೂಕ ನಿಲ್ಲುವವರೆಗೆ ನೈಟ್ರೋಜನ್ ಊದಿದೆ. ದ್ರಾವಕ ಕುದಿಸಿ ಮತ್ತೆ ಮತ್ತೆ ಹಾಯಿಸಿ ಎಣ್ಣೆ ತೆಗೆಯುವ ಸಾಕ್ಸ್‌ಲೆಟ್ ಬೇಡವೇ ಬೇಡ. ಗಂಟೆಗಟ್ಟಲೆ ಕಾಯಿಸಿದರೆ ನಾವೇ ಎಣ್ಣೆ ಕೆಡಿಸಿದಂತಾಗುತ್ತದೆ. ಇದೇ ಎಣ್ಣೆಯಲ್ಲಿ 5 ಗ್ರಾಂ ಪೆರಾಕ್ಸೈಡ್ ವ್ಯಾಲ್ಯೂ ಟೈಟ್ರೇಷನ್‌ಗೆ (ಪೆರಾಕ್ಸೈಡ್ ಎಷ್ಟಿದೆ ಎಂಬ ರಾಸಾಯನಿಕ ಅಳತೆ), ಉಳಿದದ್ದು ಎಟಿಆರ್‌ಗೆ (ಹರಳಿನ ಮೇಲೆ ಎಣ್ಣೆ ಹಾಕಿ ಇನ್‌ಫ್ರಾರೆಡ್ ಓದುವ ವಿಧಾನ).

ಕಷ್ಟವಿರುವುದು ಇಲ್ಲಿ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್‌ನಲ್ಲಿ ರಿಫೈನ್ಡ್ ಎಣ್ಣೆಗೆ ಇರುವ, ಕಿಲೋಗೆ 10 ಮಿಲಿ ಈಕ್ವಿವೆಲೆಂಟ್ ಪೆರಾಕ್ಸೈಡ್ ವ್ಯಾಲ್ಯೂ ಮಿತಿಯನ್ನೇ ನಾನು ಇಟ್ಟುಕೊಂಡದ್ದು. ಅಂದರೆ ಒಂದು ಕಿಲೋ ಎಣ್ಣೆಯಲ್ಲಿ ಬರೀ 5 ಮಿಲಿಮೋಲ್ ಹೈಡ್ರೊಪೆರಾಕ್ಸೈಡ್. ಅದು ಬೆಳಕು ಹೀರುವ ಪಟ್ಟಿ 3440ರ ಆಸುಪಾಸು ಬರುತ್ತದೆ (ಪಟ್ಟಿಗಳ ಈ ಸಂಖ್ಯೆಗಳೆಲ್ಲ ತರಂಗಸಂಖ್ಯೆ, ಸೆಂ.ಮೀ.⁻¹ನಲ್ಲಿ), ಆದರೆ ತಾಜಾ ಎಣ್ಣೆಯಲ್ಲೂ 3470ರ ಬಳಿ ಎಣ್ಣೆಯದೇ ಎಸ್ಟರಿನ ಓವರ್‌ಟೋನ್ (ಅದರ 1743ರ ಪಟ್ಟಿ ಸುಮಾರು ಇಮ್ಮಡಿ ಸಂಖ್ಯೆಯಲ್ಲಿ ಮತ್ತೆ ಕಾಣುವುದು) ಕೂತಿರುತ್ತದೆ, ಜೊತೆಗೆ ತೇವ ಉಳಿದಿದ್ದರೆ ನೀರೂ ಅಲ್ಲೇ ಎದ್ದು ಬರುತ್ತದೆ. ಒಂದೇ ಪ್ರತಿಫಲನದ ಡೈಮಂಡ್‌ನಲ್ಲಿ ಈ ಬದಲಾವಣೆ ಗದ್ದಲದಲ್ಲಿ ಮುಳುಗುತ್ತದೆ. ಹಲವು ಪ್ರತಿಫಲನದ ಜಿಂಕ್ ಸೆಲೆನೈಡ್ ಹರಳು ಹಾಕಿ, ರೆಸಲ್ಯೂಶನ್ 4, 64 ಸ್ಕ್ಯಾನ್, ಪ್ರತಿ ಮಾದರಿಗೂ ಹೊಸ ಬ್ಯಾಕ್‌ಗ್ರೌಂಡ್ ತೆಗೆದುಕೊಂಡೆ. ಹರಳನ್ನು ಹೆಕ್ಸೇನ್, ಆಮೇಲೆ ಐಸೊಪ್ರೊಪನಾಲ್‌ನಿಂದ ಒರೆಸಬೇಕು. ಆಸಿಡ್ ತಾಗಿದರೆ ಅದು ಹಾಳು.

3440 ಒಂದನ್ನೇ ನಂಬಬಾರದು. ಪೆರಾಕ್ಸೈಡ್ ಏರಿ, ತುದಿ ಮುಟ್ಟಿ, ಇಳಿಯುತ್ತದೆ. ಹಾಗಾಗಿ ಮೂಗಿಗೆ ಕಮಟು ಹೊಡೆಯುವ ಚಕ್ಕುಲಿಯಲ್ಲೂ ಸಂಖ್ಯೆ ಕಡಿಮೆ ಬರಬಹುದು. ಜೊತೆಗೆ 3008 (ಎಣ್ಣೆಯ ಸಿಸ್ ದ್ವಿಬಂಧ) ಕುಗ್ಗಿದೆಯೇ, 987 ಮತ್ತು 967 (ಎಣ್ಣೆ ಕೆಡುವಾಗ ಹುಟ್ಟುವ ಟ್ರಾನ್ಸ್ ದ್ವಿಬಂಧಗಳು) ಎದ್ದಿವೆಯೇ, ಎಸ್ಟರಿನ 1743ರ ಕೆಳಬದಿಗೆ 1728ರ ಹತ್ತಿರ ಆಲ್ಡಿಹೈಡ್‌ನಿಂದ ಅಗಲವಾಗಿದೆಯೇ ನೋಡಿ.

ಸ್ಪೆಕ್ಟ್ರಮ್‌ಗೆ ಮೊದಲ ಡೆರಿವೇಟಿವ್ (ಗೆರೆಯ ಏರಿಳಿತದ ಇಳಿಜಾರು), ಆಮೇಲೆ ಪಿಎಲ್‌ಎಸ್ (ಸ್ಪೆಕ್ಟ್ರಮ್‌ನಿಂದ ಪೆರಾಕ್ಸೈಡ್ ವ್ಯಾಲ್ಯೂ ಊಹಿಸುವ ಸಂಖ್ಯಾಶಾಸ್ತ್ರದ ಲೆಕ್ಕ). ಪರೀಕ್ಷೆಗೆ ಸ್ಪೆಕ್ಟ್ರಮ್‌ಗಳನ್ನು ಹೆಕ್ಕಿ ಬಿಡಬೇಡಿ, ಇಡೀ ಒಂದು ಬ್ಯಾಚನ್ನೇ ಹೊರಗಿಡಿ. ಒಂದೇ ಎಣ್ಣೆಯ ಮೂರು ಓದುಗಳಲ್ಲಿ ಎರಡು ತರಬೇತಿಗೆ, ಒಂದು ಪರೀಕ್ಷೆಗೆ ಹೋದರೆ ಪಿಎಲ್‌ಎಸ್ ಲೆಕ್ಕ ಎಷ್ಟು ಚೆನ್ನಾಗಿದೆ ಅನ್ನಿಸುತ್ತದೆ! ಹೊಸ ಬ್ಯಾಚು ಬಂದಾಗ ಬಣ್ಣ ಬಯಲಾಗುತ್ತದೆ.

ಮಿತಿ ಮುಟ್ಟಲು ಹಿಡಿದ ದಿನಗಳ ಲಾಗರಿದಮ್ ಅನ್ನು 1/T ಎದುರು (T ಎಂದರೆ ಕೆಲ್ವಿನ್‌ನಲ್ಲಿ ಉಷ್ಣತೆ) ಎಳೆದು 28 ಡಿಗ್ರಿಗೆ ಚಾಚಿದೆ. ಮೂರೇ ಬಿಂದುಗಳ ಗೆರೆ ಇದು. ಅದಕ್ಕೇ ಕೋಣೆಯ ಉಷ್ಣತೆಯಲ್ಲಿ ಅದೇ ಬ್ಯಾಚಿನ ಪ್ಯಾಕೆಟ್‌ಗಳನ್ನು ಕೊನೆಯವರೆಗೂ ಇಟ್ಟು ತಾಳೆ ನೋಡಲೇಬೇಕು. ಎಣ್ಣೆ ಬದಲಾದರೆ, ಎಣ್ಣೆ ಕಮಟಾಗುವುದನ್ನು ತಡೆಯುವ ಟಿಬಿಎಚ್‌ಕ್ಯು ಸೇರಿಸಿದರೆ, ಪೌಚಿಗೆ ನೈಟ್ರೋಜನ್ ತುಂಬಿದರೆ ಆ ಗೆರೆ ನಡೆಯುವುದಿಲ್ಲ. ಮತ್ತೆ 35ರಿಂದಲೇ ಶುರು.