300ರಿಂದ 100ಕ್ಕೆ ಇಳಿದೆ, ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ

ಮೂರು ತಿಂಗಳಾಯಿತು, ಮನೆಯಲ್ಲಿ ಒಬ್ಬರೂ ‘ನೆಟ್ ಸ್ಲೋ’ ಅಂದಿಲ್ಲ. ಇಂಟರ್ನೆಟ್ ಪ್ಲಾನ್ ಇಳಿಸುತ್ತೇನೆ ಅಂದಾಗ ನಕ್ಕಿದ್ದ ಭಾವ ಈಗ ‘ನಮ್ಮನೆಗೂ ಬಂದು ನೋಡಿ’ ಅನ್ನುತ್ತಿದ್ದಾರೆ. ಅದಕ್ಕೇ ಈ ಬರಹ.

ಮೈಸೂರಿನಲ್ಲಿ ನಮ್ಮದು ಮಹಡಿ ಮನೆ, ಆರು ಜನ. 300 ಎಂಬಿಪಿಎಸ್ ಫೈಬರ್‌ಗೆ ತಿಂಗಳಿಗೆ 1,499 ರೂಪಾಯಿ ಕೊಡುತ್ತಿದ್ದೆ. ಜಿಎಸ್‌ಟಿ ಸೇರಿ 1,770ರ ಹತ್ತಿರ. ಇಷ್ಟು ಸುರಿದರೂ ಮೇಲಿನ ರೂಮಿನಲ್ಲಿ ಮಗಳ ಕ್ಲಾಸು ನಿಂತು ನಿಂತು ಬರುತ್ತಿತ್ತು. ಕಸ್ಟಮರ್ ಕೇರ್‌ಗೆ ಗೊತ್ತಿದ್ದ ಮದ್ದು ಒಂದೇ: ‘500ಕ್ಕೆ ಹೋಗಿ ಸಾರ್.’

ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಹದಿನೈದು ದಿನ ರೌಟರ್‌ನ ಟ್ರಾಫಿಕ್ ಬರೆದಿಟ್ಟೆ. ಐಪಿಎಲ್ ಇದ್ದ ರಾತ್ರಿ ಎರಡು ಟಿವಿ, ಮೂರು ಮೊಬೈಲು, ನನ್ನ ಆಫೀಸ್ ಕಾಲ್ ಎಲ್ಲಾ ಸೇರಿ ನಲವತ್ತು ಚಿಲ್ಲರೆ ಎಂಬಿಪಿಎಸ್, ಅಷ್ಟೇ! ಮಗನ ಗೇಮ್ ಅಪ್‌ಡೇಟ್ ಮಾತ್ರ ಸಿಕ್ಕಿದ್ದನ್ನೆಲ್ಲ ನುಂಗುತ್ತಿತ್ತು. ಅದು ರಾತ್ರಿ ಇಳಿಯಲಿ ಬಿಡಿ.

ಆಸೆ ಹೆಚ್ಚಾಗಿ ಸೀದಾ 30ಕ್ಕೆ ಇಳಿದೆ. ಬಿಲ್ಲು 470. ನಾಲ್ಕೇ ದಿನದಲ್ಲಿ ಮರ್ಯಾದೆ ಹೋಯಿತು. ಮದುವೆಗೆ ಹೋಗಿ ಬಂದ ಹೆಂಡತಿಯ ಮೊಬೈಲು ಫೋಟೊ ಬ್ಯಾಕಪ್ ಶುರು ಮಾಡಿತು. ಅಪ್‌ಲೋಡ್ ತುಂಬಿ ಪಿಂಗ್, ಅಂದರೆ ಕಳಿಸಿದ್ದಕ್ಕೆ ಉತ್ತರ ಬರುವ ಹೊತ್ತು, 400 ಮಿಲಿಸೆಕೆಂಡ್ ದಾಟಿತು. ಅದೇ ಹೊತ್ತಿಗೆ ಮಗನ ಆನ್‌ಲೈನ್ ಇಂಟರ್‌ವ್ಯೂ! ಆ ತಿಂಗಳು ನನ್ನ ಜೊತೆ ಅವನು ಸರಿಯಾಗಿ ಮಾತಾಡಲಿಲ್ಲ.

ಆಮೇಲೆ 100ಕ್ಕೆ ಬಂದೆ, ಸುಮಾರು 825. ಆದರೆ ನಿಜವಾದ ಕಳ್ಳ ಸಿಕ್ಕಿದ್ದು ಗೋಡೆಯೊಳಗೆ. ಮಹಡಿಯಲ್ಲಿ ವೈಫೈ ಕೊಡುವ ಡಬ್ಬಿಗೆ (ಆಕ್ಸೆಸ್ ಪಾಯಿಂಟ್) ಹೋದ ಕೇಬಲ್ 94 ಎಂಬಿಪಿಎಸ್ ಮೇಲೆ ಏರುತ್ತಲೇ ಇರಲಿಲ್ಲ. ಪ್ಲಗ್ ಕಿತ್ತು ನೋಡಿದರೆ ಎಂಟು ಎಳೆಗಳಲ್ಲಿ ನಾಲ್ಕನ್ನೇ ಪ್ಲಗ್‌ಗೆ ಒತ್ತಿ ಕೂರಿಸಿದ್ದಾರೆ (ಕ್ರಿಂಪ್) ಪುಣ್ಯಾತ್ಮರು. ಅದರಲ್ಲೂ ಒಂದು ಎಳೆ ಸಡಿಲ. ಮೂರು ವರ್ಷ 300ಕ್ಕೆ ದುಡ್ಡು ಕೊಟ್ಟಿದ್ದೆ ಅಲ್ವಾ, ಮೇಲಿನವರು ಅದನ್ನು ಕಂಡೇ ಇಲ್ಲ. ಕ್ರಿಂಪಿಂಗ್ ಟೂಲ್ ತಂದು ನಾನೇ ಕೂತೆ. ಹಸಿರು, ನೀಲಿ ಅದಲುಬದಲಾಗಿ ಹತ್ತು ಹನ್ನೊಂದು ಕನೆಕ್ಟರ್ ಕಸದ ಬುಟ್ಟಿಗೆ ಹೋದವು.

ಕೆಳಗೆ ರೌಟರ್ ಗಾಡ್ರೆಜ್ ಬೀರು ಹಿಂದಿತ್ತು, ಅದನ್ನು ಎತ್ತರಕ್ಕೆ ತಂದೆ. ವೈಫೈನ 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಚಾನೆಲ್ 1ಕ್ಕೆ ಕೂರಿಸಿದೆ. ನಮ್ಮ ಬೀದಿಯಲ್ಲಿ ಎಲ್ಲರದ್ದೂ 6, ಅಲ್ಲಿ ನೂಕುನುಗ್ಗಲು. ಸುಮ್ನೆ ನೋಡೋಣ ಅಂತ ಆಂಟೆನಾ ಹಿಂದೆ ಸ್ಟೀಲ್ ತಟ್ಟೆಯನ್ನೂ ನಿಲ್ಲಿಸಿದ್ದೆ. ಹಾಲ್‌ನಲ್ಲಿ ಸಿಗ್ನಲ್ ಚೂರು ಏರಿತು, ಅಡುಗೆಮನೆಯಲ್ಲಿ ಸತ್ತೇಹೋಯಿತು. ಅಮ್ಮ ತಟ್ಟೆ ಎತ್ತಿಕೊಂಡು ಹೋದರು.

ಬ್ಯಾಕಪ್ ಕಾಟಕ್ಕೆ ರೌಟರ್‌ನಲ್ಲಿ ಅಪ್‌ಲೋಡ್‌ಗೆ ಒಂದು ಮಿತಿ ಹಾಕಿದ್ದೇನೆ. ಎಷ್ಟು ಅಂತ ಮಾತ್ರ ಹೇಳಲ್ಲ, ಅದಕ್ಕೆ ಎರಡು ಭಾನುವಾರ ಹೋಗಿವೆ. ಟೂಲು, ಕನೆಕ್ಟರ್ರು, ಒಂದು ಸಣ್ಣ ಯುಪಿಎಸ್ಸು ಸೇರಿ ಎರಡೂವರೆ ಸಾವಿರ ಖರ್ಚಾಗಿತ್ತು. 100ರ ಮೂರನೇ ಬಿಲ್ಲಿಗೆ ಆ ದುಡ್ಡು ಹುಟ್ಟಿತು.

ಹೋದ ಭಾನುವಾರ ಭಾವನ ಮನೆಗೆ ಹೋಗಿದ್ದೆ. ಅವರ ರೌಟರ್ ಟಿವಿ ಕೆಳಗಿನ ಡ್ರಾಯರ್‌ನಲ್ಲಿತ್ತು, ಬೀಗ ಹಾಕಿ.